ಬೆಳಗಿನ ಚಳಿಗೆ ಹಿಡಿಯದ ಜಿಪ್ಸಿ: ಒಂದು ಕೋಲ್ಡ್ ಸ್ಟಾರ್ಟ್ ಪ್ರಕರಣ

ಗಾಡಿ ಮಾರುತಿ ಜಿಪ್ಸಿ. 1.3 ಲೀಟರ್ ಎಂಪಿಎಫ್‌ಐ ಎಂಜಿನ್, ನಾಲ್ಕು ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ನಾಲ್ಕು ಇಂಜೆಕ್ಟರ್. ಊರು ಚಿತ್ರದುರ್ಗದ ಹತ್ತಿರದ ಒಂದು ಹಳ್ಳಿ. ಯಜಮಾನರಿಗೆ ಅರವತ್ತು ದಾಟಿದೆ, ಮನೆಯಿಂದ ಆರು ಕಿಲೋಮೀಟರ್ ದೂರದಲ್ಲಿ ಅಡಿಕೆ ತೋಟ. ಹೆಸರು, ಊರು, ಗಾಡಿ ನಂಬರ್ ಇಲ್ಲಿ ಬೇಡ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ಎಂಜಿನ್ನಿಗೆ ಸಂಬಂಧಪಟ್ಟದ್ದು ಯಾವುದನ್ನೂ ಬದಲಿಸಿಲ್ಲ.

ನಾನು ದಾವಣಗೆರೆಯಲ್ಲಿ ಇಂಜೆಕ್ಷನ್ ಗಾಡಿಗಳ ಕೆಲಸ ಮಾಡುವವನು. ಹೊರಗಿನಿಂದ ತಂದು ಹಾಕುವ ಇಸಿಯುಗಳ (ಎಂಜಿನ್ ನಡೆಸುವ ಕಂಪ್ಯೂಟರುಗಳ) ಟ್ಯೂನಿಂಗ್ ಈಚೆಗೆ ನನ್ನ ಹತ್ತಿರ ಜಾಸ್ತಿ ಬರುತ್ತಿದೆ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹೊಂದಿಸುವುದನ್ನು ಸುಮಾರು ಜನ ಚೆನ್ನಾಗಿ ಮಾಡುತ್ತಾರೆ. ತಣ್ಣಗಿನ ಎಂಜಿನ್ ಮುಂದೆ ಎಲ್ಲರೂ ತಡವರಿಸುತ್ತಾರೆ. ಈ ಗಾಡಿಯಲ್ಲಿ ನಾನೂ ಮೂರು ವಾರ ತಡವರಿಸಿದೆ. ಎಲ್ಲಿ ದಾರಿ ತಪ್ಪಿತು ಎಂಬುದು ಬೇರೆಯವರಿಗೂ ಗೊತ್ತಾಗಲಿ ಎಂದೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಇಸಿಯು ಯಾಕೆ ಬದಲಾಯಿತು

ಮಳೆಗಾಲದಲ್ಲಿ ಒಳಗೆ ನೀರು ಇಳಿದು ಗಾಡಿಯ ಮೂಲ ಇಸಿಯು ಹಾಳಾಗಿತ್ತು. ಎರಡು ಸಲ ರಿಪೇರಿ ಮಾಡಿಸಿದರೂ ನಿಲ್ಲಲಿಲ್ಲ. ಜಿಪ್ಸಿಯ ಬುಕಿಂಗ್ 2018ರ ಕೊನೆಗೇ ನಿಂತಿತ್ತು. ಹಳೆ ಇಸಿಯು ಸಿಕ್ಕರೂ ಅದು ಎಷ್ಟು ದಿನ ಬರುತ್ತದೋ ಹೇಳುವವರಿಲ್ಲ. ಕೊನೆಗೆ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಸ್ಪೀಡುಯಿನೊ ಹಾಕಿಸಿದರು. ಇದು ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಕಟ್ಟಿದ ಇಸಿಯು. ಸರ್ಕ್ಯೂಟು, ಸಾಫ್ಟ್‌ವೇರ್ ಎರಡೂ ಎಲ್ಲರಿಗೂ ಮುಕ್ತ. ಟ್ಯೂನರ್‌ಸ್ಟುಡಿಯೊ ಎಂಬ ಪ್ರೋಗ್ರಾಮಿನಲ್ಲಿ ತೆರೆದು ಒಂದೊಂದು ಅಂಕಿಯನ್ನೂ ನಾವೇ ತಿದ್ದಬಹುದು. ತಿದ್ದಬೇಕಾದ್ದೂ ನಾವೇ. ಕಾರ್ಖಾನೆಯವರು ಚಳಿ, ಬಿಸಿಲು, ಬೆಟ್ಟ ಎಲ್ಲ ಕಡೆ ಓಡಿಸಿ ನೋಡಿ ತುಂಬಿಸಿಟ್ಟ ಅಂಕಿಗಳು ಇದರಲ್ಲಿ ಇರುವುದಿಲ್ಲ.

ಬಿಸಿಯಾದ ಮೇಲೆ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಪಿಕಪ್ ಇತ್ತು, ಮೈಲೇಜ್ ಬಗ್ಗೆ ದೂರಿರಲಿಲ್ಲ. ತೊಂದರೆ ಬೆಳಗಿನ ಜಾವದ್ದು. ತೋಟದ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಕೊಡುವ ಪಾಳಿ ಆಗ ಬೆಳಗ್ಗೆ ಆರಕ್ಕೆ ಶುರುವಾಗುತ್ತಿತ್ತು. ಯಜಮಾನರು ಐದೂವರೆಗೆ ಹೊರಡಬೇಕು. ಡಿಸೆಂಬರಿನ ಆ ಹೊತ್ತಿಗೆ ಅವರ ತಗಡಿನ ಶೆಡ್ಡಿನೊಳಗೆ 15, 16 ಡಿಗ್ರಿ. ಜೋಗಿಮಟ್ಟಿ ಕಡೆಯಿಂದ ಗಾಳಿ ಬೇರೆ. ಹತ್ತು ಹನ್ನೆರಡು ಸೆಕೆಂಡ್ ಸೆಲ್ಫ್ ಹೊಡೆದರೆ ಒಮ್ಮೆ ಹಿಡಿಯುತ್ತಿತ್ತು, ಕಪ್ಪು ಹೊಗೆ ಉಗುಳಿ ಆಫ್ ಆಗುತ್ತಿತ್ತು. ಮೂರನೇ ಸಲಕ್ಕೆ ಆಫ್ ಆಗದೆ ನಿಂತರೆ ಪುಣ್ಯ. ಮೂರು ವಾರದಲ್ಲಿ ಎರಡು ಸೆಟ್ ಪ್ಲಗ್ ಹೋಗಿದ್ದವು.

ತಣ್ಣಗಿನ ಎಂಜಿನ್ ಕೇಳುವುದು ಏನು

ಇಷ್ಟು ಗೊತ್ತಿದ್ದರೆ ಮುಂದಿನದು ಸುಲಭ. ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಆವಿಯಾದಷ್ಟು ಮಾತ್ರ ಉರಿಯುತ್ತದೆ. ಕುದಿಯುವ ಪಾತ್ರೆಗೆ ತಣ್ಣನೆ ತಟ್ಟೆ ಮುಚ್ಚಿದರೆ ಆವಿ ಹನಿಗಟ್ಟುತ್ತದೆ ಅಲ್ವಾ, ಹಾಗೇ ಗಾಳಿ ಒಳಗೆ ಹೋಗುವ ತಣ್ಣಗಿನ ಕೊಳವೆಯ (ಇನ್‌ಟೇಕ್) ಗೋಡೆಗೆ ಪೆಟ್ರೋಲ್ ಅಂಟಿ ಕೂರುತ್ತದೆ. ಸೆಲ್ಫ್ ಹೊಡೆಯುವಾಗ ಎಂಜಿನ್ ತಿರುಗುವುದು ನಿಮಿಷಕ್ಕೆ ಬರೀ 200 ಸುತ್ತು ಚಿಲ್ಲರೆ. ಆ ನಿಧಾನದ ಗಾಳಿಗೆ ಗೋಡೆಯ ಪೆಟ್ರೋಲನ್ನು ಎತ್ತಿಕೊಂಡು ಹೋಗುವ ಬಲ ಇಲ್ಲ. ಅದಕ್ಕೇ ಲೆಕ್ಕಕ್ಕಿಂತ ಜಾಸ್ತಿ ಸುರಿಯಬೇಕು. ಆದರೆ ಸ್ವಲ್ಪ ಮೀರಿದರೂ ಅದೇ ಪೆಟ್ರೋಲ್ ಪ್ಲಗ್ ತೋಯಿಸಿ ಕಿಡಿಯನ್ನೇ ಕೊಲ್ಲುತ್ತದೆ.

ಈ ಜಾಸ್ತಿ ಪೆಟ್ರೋಲ್ ನಾಲ್ಕು ಹಂತದಲ್ಲಿ ಹೋಗುತ್ತದೆ. ಕೀ ಆನ್ ಆಗಿ ಬೋರ್ಡ್ ಎದ್ದಾಗ ಎಲ್ಲ ಇಂಜೆಕ್ಟರೂ ಒಮ್ಮೆ ತೆರೆದು ಗೋಡೆ ಒದ್ದೆ ಮಾಡುತ್ತವೆ, ಅದು ಪ್ರೈಮಿಂಗ್. ಸೆಲ್ಫ್ ತಿರುಗುವಾಗ ಕೊಡುವುದು ಕ್ರ್ಯಾಂಕಿಂಗ್ ಪೆಟ್ರೋಲ್. ಎಂಜಿನ್ ಹಿಡಿದ ಮೇಲಿನ ಹದಿನೈದು ಇಪ್ಪತ್ತು ಸೆಕೆಂಡಿನದು ಆಫ್ಟರ್‌ಸ್ಟಾರ್ಟ್. ಅಲ್ಲಿಂದ ಬಿಸಿಯಾಗುವವರೆಗೆ ನಿಧಾನಕ್ಕೆ ಇಳಿಯುತ್ತಾ ಬರುವುದು ವಾರ್ಮಪ್. ನಾಲ್ಕಕ್ಕೂ ಆಧಾರ ಒಂದೇ: ಕೂಲೆಂಟ್ (ಎಂಜಿನ್ ತಂಪು ಮಾಡುವ ನೀರು) ಸೆನ್ಸರ್ ಹೇಳುವ ಉಷ್ಣತೆ. ಯಾವ ಉಷ್ಣತೆಗೆ ಎಷ್ಟು ಎಂದು ಇಸಿಯುವಿನ ಪಟ್ಟಿಯಲ್ಲಿ ಒಂದೊಂದು ಸಾಲು.

ಕೆಲಸವನ್ನು ಕಷ್ಟ ಮಾಡುವುದು ಇನ್ನೊಂದು ಸಂಗತಿ. ಕೋಲ್ಡ್ ಸ್ಟಾರ್ಟ್ ದಿನಕ್ಕೆ ಒಂದೇ. ಒಮ್ಮೆ ಹಿಡಿದರೆ ಅವತ್ತಿನ ಪರೀಕ್ಷೆ ಮುಗಿಯಿತು, ಎಂಜಿನ್ ಮತ್ತೆ ಪೂರ್ತಿ ತಣ್ಣಗಾಗಲು ರಾತ್ರಿ ಕಳೆಯಬೇಕು. ಬಿಸಿ ಎಂಜಿನ್ನಿನಲ್ಲಿ ಒಂದು ಗಂಟೆಗೆ ಐವತ್ತು ಬದಲಾವಣೆ ಮಾಡಿ ನೋಡಬಹುದು. ಇಲ್ಲಿ ಐವತ್ತು ಬದಲಾವಣೆಗೆ ಐವತ್ತು ದಿನ ಬೇಕು.

ಮೊದಲ ಎರಡು ಬೆಳಗ್ಗೆ

ಮೊದಲ ಸಲ ಹೋದಾಗ ಮಧ್ಯಾಹ್ನ ಮೂರು ಗಂಟೆ. ಗಾಡಿ ಆಗಷ್ಟೇ ತೋಟದಿಂದ ಬಂದಿತ್ತು, ಅರ್ಧ ಸುತ್ತಿಗೆ ಹಿಡಿಯಿತು. ಆಗ ಏನು ನೋಡಿದರೂ ಪ್ರಯೋಜನ ಇಲ್ಲ. ರಾತ್ರಿ ಅಲ್ಲೇ ಉಳಿದೆ.

ಸಂಜೆ ಪ್ಲಗ್ ಬಿಚ್ಚಿದೆ. ನಾಲ್ಕೂ ಕಪ್ಪು, ಮಸಿ ಹಿಡಿದಿದ್ದವು, ಪೆಟ್ರೋಲ್ ವಾಸನೆ ಜೋರಾಗಿತ್ತು. ಯಾರಿಗಾದರೂ ಪೆಟ್ರೋಲ್ ಜಾಸ್ತಿ ಆಗಿದೆ ಅನಿಸುತ್ತದೆ, ನನಗೂ ಅನಿಸಿತು. ಕ್ರ್ಯಾಂಕಿಂಗ್ ಪೆಟ್ರೋಲನ್ನು ಶೇಕಡಾ 20 ಕಡಿಮೆ ಮಾಡಿದೆ.

ಬೆಳಗ್ಗೆ ಲ್ಯಾಪ್‌ಟಾಪ್ ಸೇರಿಸಿ, ಲಾಗ್ (ಸೆನ್ಸರುಗಳ ಅಂಕಿಯನ್ನು ಕ್ಷಣಕ್ಷಣಕ್ಕೂ ಬರೆದಿಡುವ ದಾಖಲೆ) ಶುರು ಮಾಡಿ, ನಾನೇ ಸೆಲ್ಫ್ ಹೊಡೆದೆ. ಒಂಬತ್ತು ಸೆಕೆಂಡ್ ಆದರೂ ಹಿಡಿಯಲಿಲ್ಲ. ಏರ್ ಫಿಲ್ಟರ್ ಕಡೆಯಿಂದ ಕೆಮ್ಮಿದ ಹಾಗೆ ಎರಡು ಸಲ ಸದ್ದು ಬಂತು. ಹಿಂದಕ್ಕೆ ಕೆಮ್ಮುವುದು ಪೆಟ್ರೋಲ್ ಸಾಲದ ಲಕ್ಷಣ. ಪ್ಲಗ್ ಬಿಚ್ಚಿದರೆ ಒಣಗಿದ್ದವು. ಹಿಂದಿನ ಸಂಜೆ ಒದ್ದೆ, ಈಗ ಒಣ. ನಾನೇ ಕಡಿಮೆ ಮಾಡಿದ್ದು ಜಾಸ್ತಿ ಆಯಿತು ಅಂದುಕೊಂಡು, ಮೊದಲಿದ್ದ ಅಂಕಿಗಿಂತಲೂ ಶೇಕಡಾ 15 ಏರಿಸಿಟ್ಟೆ. ಇನ್ನೊಂದು ರಾತ್ರಿ ಉಳಿದೆ. ಮಾರನೇ ಬೆಳಗ್ಗೆ ಎರಡೇ ಸೆಕೆಂಡಿಗೆ ಹಿಡಿಯಿತು. ಕೆಲಸ ಮುಗಿಯಿತು ಎಂದು ದಾವಣಗೆರೆಗೆ ವಾಪಸ್ ಬಂದೆ.

ಅದರ ಮಾರನೇ ದಿನ ಆರೂ ಕಾಲಿಗೆ ಯಜಮಾನರ ಫೋನ್. "ಮೊದಲಿಗಿಂತ ಮೋಸ ಆಗೈತೆ ಕಣಪ್ಪ. ಪೆಟ್ರೋಲ್ ವಾಸನೆಗೆ ಶೆಡ್ಡಲ್ಲಿ ನಿಲ್ಲಕ್ಕಾಗ್ತಿಲ್ಲ. ಕರೆಂಟ್ ಬಂದು ಹೋಗ್ತೈತೆ, ನಾನು ಇಲ್ಲೇ ಇದೀನಿ."

ಆ ಮಾತು ನನಗೆ ತುಂಬಾ ನಾಟಿತು. ಎರಡು ಸೆಕೆಂಡಿಗೆ ಹಿಡಿದ ಲಾಗ್ ನನ್ನ ಮುಂದಿತ್ತು. ಒಂದೇ ಗಾಡಿ, ಅದೇ ಅಂಕಿ, ಅದೇ ಚಳಿ. ಬರೀ ಇಪ್ಪತ್ತನಾಲ್ಕು ಗಂಟೆಯಲ್ಲಿ ಹೇಗೆ ಬದಲಾಯಿತು?

ಮುಂದಿನ ಹತ್ತು ದಿನ ಭಾಗಗಳನ್ನು ಅನುಮಾನಿಸುವುದರಲ್ಲಿ ಹೋಯಿತು. ಇಂಜೆಕ್ಟರ್ ಸೋರುತ್ತಿರಬೇಕು, ರಾತ್ರಿಯೆಲ್ಲ ಹನಿದು ಬೆಳಗ್ಗೆ ಎಂಜಿನ್ ಪೆಟ್ರೋಲ್ ತುಂಬಿ ಫ್ಲಡ್ ಆಗುತ್ತಿದೆ ಎಂದು ಅಲ್ಲಿನ ಮೆಕ್ಯಾನಿಕ್ ಹೇಳಿದರು. ಒಳ್ಳೆಯ ಅನುಮಾನವೇ. ಇಂಜೆಕ್ಟರ್ ಕೂತ ರೈಲ್ ಎತ್ತಿ, ಪಂಪ್ ಓಡಿಸಿ, ಕೆಳಗೆ ಬಿಳಿ ಕಾಗದ ಇಟ್ಟು ಅರ್ಧ ಗಂಟೆ ಕಾದೆವು. ಒಂದು ಹನಿ ಬೀಳಲಿಲ್ಲ. ಗೇಜಿನಲ್ಲಿ ಪ್ರೆಶರ್ ನಿಂತೇ ಇತ್ತು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗೆ ಇಳಿಯುತ್ತಿತ್ತು, ಚಳಿಗೆ ಅದು ಪರವಾಗಿಲ್ಲ. ವೋಲ್ಟ್ ಇಳಿದರೆ ಇಂಜೆಕ್ಟರ್ ತೆರೆಯುವುದು ತಡವಾಗುತ್ತದೆ, ಅದಕ್ಕೆ ಕೊಡುವ ತಿದ್ದುಪಡಿಯೂ ಸರಿ ಇತ್ತು. ಇನ್‌ಟೇಕಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಎಂಜಿನ್ ನಿಂತಿರುವಾಗ 93 ಕಿಲೊಪ್ಯಾಸ್ಕಲ್ ತೋರಿಸುತ್ತಿತ್ತು. ಸಮುದ್ರಮಟ್ಟದಲ್ಲಿ 101 ಇರುತ್ತದೆ, ಚಿತ್ರದುರ್ಗದ ಎತ್ತರಕ್ಕೆ 93 ಸರಿಯಾದ್ದೇ.

ಬ್ಯಾಟರಿ ಹಳೆಯದು, ಬದಲಿಸಿಬಿಡೋಣ ಎಂದು ಯಜಮಾನರು ಹೇಳಿದರು. ನಾನು ಬೇಡ ಅಂದೆ. ಹೊಸ ಬ್ಯಾಟರಿಗೆ ಎಂಜಿನ್ ಜೋರಾಗಿ ತಿರುಗಿ ಹೇಗೋ ಹಿಡಿದುಬಿಟ್ಟರೆ ಮೂಲ ತೊಂದರೆ ಅಲ್ಲೇ ಮುಚ್ಚಿಹೋಗುತ್ತಿತ್ತು. ಈ ಪ್ರಕರಣದಲ್ಲಿ ನಾನು ಮೊದಲಿಗೆ ಸರಿಯಾಗಿ ತೆಗೆದುಕೊಂಡ ನಿರ್ಧಾರ ಅದು.

ಕೈ ಕಟ್ಟಿ ನಿಂತ ಬೆಳಗ್ಗೆ

ಮತ್ತೆ ಹೋಗಿ ರಾತ್ರಿ ಉಳಿದೆ. ಮಲಗುವ ಮುಂಚೆ ಯಜಮಾನರಿಗೆ ಹೇಳಿದೆ: "ಬೆಳಗ್ಗೆ ನಾನು ಏನೂ ಮುಟ್ಟಲ್ಲ ಸಾರ್. ಲ್ಯಾಪ್‌ಟಾಪೂ ತೆಗೆಯಲ್ಲ. ನಾನು ಇಲ್ಲ ಅಂದ್ಕೊಂಡು ನೀವು ದಿನಾ ಹೇಗೆ ಸ್ಟಾರ್ಟ್ ಮಾಡ್ತೀರೋ ಹಾಗೇ ಮಾಡಿ."

ಐದು ಇಪ್ಪತ್ತಕ್ಕೆ ಶೆಡ್ಡಿಗೆ ಬಂದರು. ಮೈಮೇಲೆ ಶಾಲು, ತಲೆಗೆ ಮಫ್ಲರ್. ಮನೆಯೊಡತಿ ಎರಡು ಲೋಟ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಜಮಾನರು ಕೂತು ಕೀ ತಿರುಗಿಸಿದರು. ಹಿಂದಿನ ಟ್ಯಾಂಕಿನಿಂದ ಪಂಪು ಝುಂಯ್ ಅಂತ ಎರಡು ಸೆಕೆಂಡ್ ಓಡಿ ನಿಂತಿತು. ಕೀ ಆಫ್ ಮಾಡಿದರು. ಮತ್ತೆ ಆನ್, ಮತ್ತೆ ಝುಂಯ್. ಆಫ್, ಆನ್. ಒಟ್ಟು ನಾಲ್ಕು ಸಲ. ಆಮೇಲೆ ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆದರು. ಹತ್ತು ಸೆಕೆಂಡ್ ತಿರುಗಿತು, ಒಮ್ಮೆಲೆ ಹಿಡಿದು ಜೋರಾಗಿ ರೇಸ್ ಆಗಿ, ಕಪ್ಪು ಹೊಗೆ ಶೆಡ್ಡಿನ ತುಂಬಾ ತುಂಬಿತು. ಕಾಲು ತೆಗೆದ ಕೂಡಲೇ ಆಫ್.

"ನಾಲ್ಕು ಸಲ ಕೀ ಯಾಕೆ ಸಾರ್?"

"ಪಂಪು ಪ್ರೆಶರ್ ಕಟ್ಟಲಿ ಅಂತ. ಹಳೆ ಕಂಪ್ಯೂಟರ್ ಇದ್ದಾಗ ಒಬ್ಬ ಮೆಕ್ಯಾನಿಕ್ ಹೇಳಿಕೊಟ್ಟಿದ್ದ."

"ಇವರು ಮೊದಲಿಂದ್ಲೂ ಹಂಗೇ," ಅಂದರು ಮನೆಯೊಡತಿ. "ನನಗೆ ಎಚ್ಚರ ಆಗೋದೇ ಆ ನಾಲ್ಕು ಝುಂಯ್‌ಗೆ. ನೀವು ಸ್ಟಾರ್ಟ್ ಮಾಡಿದ ದಿನ ಒಂದು ಸಲಾನೂ ಕೇಳ್ಲಿಲ್ಲ, ನಾನು ಎದ್ದಿದ್ದು ಲೇಟಾಯ್ತು."

ಒಂದು ಸಲಾನೂ ಕೇಳಲಿಲ್ಲ. ಇಡೀ ಗಂಟು ಆ ಮಾತಿನಲ್ಲಿ ಬಿಚ್ಚಿತು.

ಈ ಬೋರ್ಡು ಯುಎಸ್‌ಬಿ ಕೇಬಲಿನಿಂದಲೂ ಕರೆಂಟ್ ತೆಗೆದುಕೊಳ್ಳುತ್ತದೆ. ನಾನು ಲ್ಯಾಪ್‌ಟಾಪ್ ಚುಚ್ಚಿದ ಗಳಿಗೆಯೇ ಅದು ಎದ್ದು, ಪಂಪನ್ನೂ ಇಂಜೆಕ್ಟರನ್ನೂ ತೆರೆಯಲು ಹೇಳಿ ಪ್ರೈಮಿಂಗ್ ಮುಗಿಸಿಬಿಟ್ಟಿತ್ತು. ಆದರೆ ಕೀ ಆಫ್ ಇದ್ದಾಗ ಪಂಪಿಗಾಗಲಿ ಇಂಜೆಕ್ಟರಿಗಾಗಲಿ 12 ವೋಲ್ಟ್ ಇರಲಿಲ್ಲ. ಆಜ್ಞೆ ಹೋಯಿತು, ಪೆಟ್ರೋಲ್ ಬೀಳಲಿಲ್ಲ. ಆಮೇಲೆ ಕೀ ತಿರುಗಿಸಿದಾಗ ಬೋರ್ಡು ಆಗಲೇ ಎದ್ದಿತ್ತು, ಮತ್ತೆ ಪ್ರೈಮ್ ಮಾಡಲಿಲ್ಲ. ಅಂದರೆ ಲ್ಯಾಪ್‌ಟಾಪ್ ಇದ್ದ ದಿನ ಪ್ರೈಮಿಂಗ್ ಸೊನ್ನೆ. ಲ್ಯಾಪ್‌ಟಾಪ್ ಇಲ್ಲದ ದಿನ, ಯಜಮಾನರ ಕೈಯಲ್ಲಿ, ನಾಲ್ಕು. ನಾನು ಲಾಗ್ ಹಿಡಿದು ಟ್ಯೂನ್ ಮಾಡಿದ ಸ್ಟಾರ್ಟು ಈ ಗಾಡಿಯಲ್ಲಿ ಬೇರೆ ಯಾವ ದಿನವೂ ಆಗದ ಸ್ಟಾರ್ಟು.

ಕಾಲು ಒತ್ತಿ ಹಿಡಿಯುವುದರದು ಇನ್ನೊಂದು ಕಥೆ. ಸೆಲ್ಫ್ ಹೊಡೆಯುವಾಗ ಥ್ರಾಟಲ್ (ಆಕ್ಸಿಲರೇಟರ್ ತುಳಿದರೆ ತೆರೆಯುವ ಗಾಳಿಯ ಬಾಗಿಲು) ಒಂದು ಮಿತಿಗಿಂತ ಜಾಸ್ತಿ ತೆರೆದಿದ್ದರೆ ಇಸಿಯು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಫ್ಲಡ್ ಆದ ಎಂಜಿನ್ನನ್ನು ಬರೀ ಗಾಳಿ ಎಳೆದು ಒಣಗಿಸಲು ಇಟ್ಟ ಸೌಲಭ್ಯ ಅದು. ಈ ಗಾಡಿಯಲ್ಲಿ ಆ ಮಿತಿ ಶೇಕಡಾ 80ಕ್ಕೆ ಇತ್ತು. ಕಾರ್ಬ್ಯುರೇಟರ್ ಕಾಲದಿಂದ ಗಾಡಿ ಓಡಿಸಿದ ಕಾಲು ಚಳಿ ಅಂದರೆ ತಾನಾಗಿಯೇ ತುಳಿಯುತ್ತದೆ. ಪೆಟ್ರೋಲ್ ಕೊಡುತ್ತಿದ್ದೇನೆ ಅಂದುಕೊಂಡು ತುಳಿದಾಗ ಇಲ್ಲಿ ಪೆಟ್ರೋಲ್ ಬಂದ್ ಆಗುತ್ತಿತ್ತು.

ಎರಡನ್ನೂ ಸೇರಿಸಿ ನೋಡಿ. ನಾಲ್ಕು ಪ್ರೈಮಿನಿಂದ ಮೊದಲು ಎಂಜಿನ್ ಫ್ಲಡ್ ಆಗುತ್ತಿತ್ತು. ಆಮೇಲೆ ಪೂರ್ತಿ ತುಳಿದ ಕಾಲು ಪೆಟ್ರೋಲ್ ನಿಲ್ಲಿಸಿ ಹತ್ತು ಸೆಕೆಂಡಿನಲ್ಲಿ ಅದನ್ನು ಒಣಗಿಸುತ್ತಿತ್ತು. ಒಂದು ಅಭ್ಯಾಸ ಮಾಡಿದ ತಪ್ಪನ್ನು ಇನ್ನೊಂದು ಅಭ್ಯಾಸ ಸರಿಪಡಿಸುತ್ತಿತ್ತು. ಹಾಗಾಗಿಯೇ ಗಾಡಿ ಅಷ್ಟಾದರೂ ಹಿಡಿಯುತ್ತಿತ್ತು. ನಾನು ಕ್ರ್ಯಾಂಕಿಂಗ್ ಪೆಟ್ರೋಲ್ ಏರಿಸಿದ ಮೇಲೆ ಅದೂ ತಪ್ಪಿತು. ಅವರು ಕಾಲು ಎತ್ತಿ ಎರಡನೇ ಸಲ ಹೊಡೆದಾಗೆಲ್ಲ ಒದ್ದೆಯ ಮೇಲೆ ಇನ್ನಷ್ಟು ಒದ್ದೆ.

ಎಂಟು ಡಿಗ್ರಿಯ ಸುಳ್ಳು

ಅದೇ ಬೆಳಗ್ಗೆ ಇನ್ನೊಂದು ಸಿಕ್ಕಿತು. ಎಂಜಿನ್ ಆಫ್ ಆದ ಮೇಲೆ ಹಳೆಯ ಲಾಗುಗಳನ್ನು ತೆರೆದು ಕೂತೆ. ಸೆಲ್ಫ್ ಹೊಡೆಯುವ ಮುಂಚಿನ ಸಾಲಿನಲ್ಲಿ ಗಾಳಿಯ ಸೆನ್ಸರ್ 16 ಡಿಗ್ರಿ, ಕೂಲೆಂಟ್ ಸೆನ್ಸರ್ 24. ಇಡೀ ರಾತ್ರಿ ನಿಂತ ಗಾಡಿಯಲ್ಲಿ ಇವೆರಡೂ ಒಂದೇ ಇರಬೇಕು. ಶೆಡ್ಡಿನ ಗೋಡೆಯ ಥರ್ಮಾಮೀಟರ್ ಕೂಡ 16 ಅನ್ನುತ್ತಿತ್ತು. ಈ ಅಂಕಿ ಮೊದಲ ದಿನದಿಂದ ನನ್ನ ಕಣ್ಣ ಮುಂದೆಯೇ ಇತ್ತು.

ಸೆನ್ಸರ್ ಬಿಚ್ಚಿ ನೀರಿನಲ್ಲಿ ಇಟ್ಟು ಮೀಟರ್ ಹಿಡಿದೆ. ಐಸ್ ನೀರಿನಲ್ಲಿ 5.8 ಕಿಲೊ ಓಮ್, 20 ಡಿಗ್ರಿಯಲ್ಲಿ 2.45, 80 ಡಿಗ್ರಿಯಲ್ಲಿ 0.32. ಗಾಡಿಯ ಮೂಲ ಸೆನ್ಸರೇ ಅದು, ಏನೂ ಕೆಟ್ಟಿರಲಿಲ್ಲ. ಆದರೆ ಇಸಿಯುವಿನಲ್ಲಿ ತುಂಬಿಸಿದ್ದು ಜನರಲ್ ಮೋಟಾರ್ಸ್ ಸೆನ್ಸರಿನ ಪಟ್ಟಿ. ಪ್ರೋಗ್ರಾಮಿನ ಸಿದ್ಧ ಆಯ್ಕೆಗಳಲ್ಲಿ ಅದು ಇರುತ್ತದೆ, ಗಾಡಿಗೆ ಯಾವ ಸೆನ್ಸರ್ ಇದೆ ಎಂದು ನೋಡದೆ ಅದನ್ನೇ ಇಟ್ಟಿದ್ದರು. ಆ ಪಟ್ಟಿಯಲ್ಲಿ 20 ಡಿಗ್ರಿಗೆ ಸುಮಾರು 3.5 ಕಿಲೊ ಓಮ್ ಇರಬೇಕು. ಆದರೆ 80 ಡಿಗ್ರಿಗೆ ಅದರಲ್ಲೂ ಹೆಚ್ಚುಕಡಿಮೆ 0.33. ಬಿಸಿಯಲ್ಲಿ ಎರಡೂ ಸೆನ್ಸರ್ ಒಂದೇ ಮಾತು ಹೇಳುತ್ತವೆ, ತಣ್ಣಗಿದ್ದಾಗ ಮಾತ್ರ ಬೇರೆಯಾಗುತ್ತವೆ. ಹಾಗಾಗಿ ಫ್ಯಾನ್ ಸರಿಯಾದ ಹೊತ್ತಿಗೆ ಓಡುತ್ತಿತ್ತು, ಮೀಟರ್ ಸರಿ ಕಾಣುತ್ತಿತ್ತು, ಯಾರಿಗೂ ಅನುಮಾನ ಬರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಗಾಡಿ ಹಿಡಿಯದ್ದಕ್ಕೆ ಇದೇ ಕಾರಣ ಅಲ್ಲ. ಸೆನ್ಸರ್ ದಿನವೂ ಒಂದೇ ಥರ ತಪ್ಪು ಹೇಳಿದರೆ, ಆ ತಪ್ಪು ಅಂಕಿಗೇ ಪಟ್ಟಿ ಹೊಂದಿಸಬಹುದು, ಗಾಡಿ ಓಡುತ್ತದೆ. ಆದರೆ ಬೇರೆ ಗಾಡಿಗಳಲ್ಲಿ 16 ಡಿಗ್ರಿಗೆ ಇಷ್ಟು ಬೇಕು ಎಂದು ನನಗೆ ಗೊತ್ತಿದ್ದದ್ದು ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ನಾನು 16ರ ಸಾಲನ್ನು ತಿದ್ದುತ್ತಿದ್ದರೆ ಇಸಿಯು 24ರ ಸಾಲನ್ನು ಓದುತ್ತಿತ್ತು.

ಮನುಷ್ಯನನ್ನು ತಿದ್ದುವುದೋ, ಅಂಕಿಯನ್ನೋ

ಕೀ ಒಂದೇ ಸಲ ತಿರುಗಿಸಿ, ಕಾಲು ಮುಟ್ಟಬೇಡಿ ಎಂದು ಹೇಳಿ ಬಂದುಬಿಡಬಹುದಿತ್ತು. ಇದರ ಬಗ್ಗೆ ತುಂಬಾ ಯೋಚಿಸಿದೆ. ಗಾಡಿ ಯಜಮಾನರೊಬ್ಬರೇ ಓಡಿಸುವುದಿಲ್ಲ. ಮಗ ಓಡಿಸುತ್ತಾನೆ, ತೋಟದ ಆಳು ಓಡಿಸುತ್ತಾನೆ. ಇಪ್ಪತ್ತು ವರ್ಷದ ಅಭ್ಯಾಸ ಚಳಿಯಲ್ಲಿ, ಅವಸರದಲ್ಲಿ ವಾಪಸ್ ಬಂದೇ ಬರುತ್ತದೆ. ಹೀಗೇ ಕೂತು ಹೀಗೇ ತಿರುಗಿಸಿದರೆ ಮಾತ್ರ ಹಿಡಿಯುವ ಗಾಡಿ ಅರ್ಧ ಟ್ಯೂನ್ ಆದ ಗಾಡಿ ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಪ್ರೈಮಿಂಗನ್ನೇ ಚಿಕ್ಕದು ಮಾಡಿದೆ. 16 ಡಿಗ್ರಿಗೆ 6 ಮಿಲಿಸೆಕೆಂಡ್ ಇದ್ದದ್ದನ್ನು 2ಕ್ಕೆ ಇಳಿಸಿದೆ. ಯಾರಾದರೂ ನಾಲ್ಕು ಸಲ ಕೀ ತಿರುಗಿಸಿದರೂ ಒಟ್ಟು 8 ಆಗುತ್ತದೆ, ಮೊದಲಿನ ಒಂದು ಪ್ರೈಮಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕಡಿಮೆಯಾದ ಪೆಟ್ರೋಲನ್ನು ಕ್ರ್ಯಾಂಕಿಂಗ್ ಹಂತಕ್ಕೆ ವರ್ಗಾಯಿಸುವುದು ಎಂದು ಮಾಡಿಕೊಂಡೆ, ಅದು ಸೆಲ್ಫ್ ತಿರುಗಿದಾಗ ಮಾತ್ರ ಬೀಳುತ್ತದೆ. ಥ್ರಾಟಲಿನ 80ರ ಮಿತಿಯನ್ನು ಮುಟ್ಟಲಿಲ್ಲ. ಅದನ್ನು ತೆಗೆದರೆ ಮುಂದೆ ಯಾವತ್ತಾದರೂ ಫ್ಲಡ್ ಆದಾಗ ಪ್ಲಗ್ ಬಿಚ್ಚುವುದೊಂದೇ ದಾರಿ. ಅದನ್ನು ಯಜಮಾನರಿಗೆ ಬಿಡಿಸಿ ಹೇಳಿದೆ. "ಹಂಗಾದ್ರೆ ನಾನು ಇಷ್ಟು ದಿನ ತುಳಿದಿದ್ದು ನಲ್ಲಿ ಬಂದ್ ಮಾಡಿದ ಹಂಗಾ?" ಅಂದರು. ಹೌದು ಅಂದೆ.

ಇನ್ನು ಲಾಗ್. ಯುಎಸ್‌ಬಿ ಬಿಟ್ಟು ಬ್ಲೂಟೂತ್ ಮಾಡ್ಯೂಲ್ ಹಾಕಿದೆ, ಅದು ಬೋರ್ಡಿನಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ, ಬೋರ್ಡಿಗೆ ಕೊಡುವುದಿಲ್ಲ. ಕಾಲೇಜಿಗೆ ಹೋಗುವ ಅವರ ಮಗನಿಗೆ ಲಾಗ್ ಹಿಡಿಯುವುದನ್ನು ಕಲಿಸಿದೆ. ಬೆಳಗ್ಗೆ ಫೈಲು ವಾಟ್ಸಾಪಿನಲ್ಲಿ ನನಗೆ ಬರುವುದು, ಸಂಜೆಯೊಳಗೆ ತಿದ್ದಿದ ಫೈಲು ನನ್ನಿಂದ ಅವನಿಗೆ ಹೋಗುವುದು. ದಿನಕ್ಕೆ ಒಂದೇ ಬದಲಾವಣೆ, ಏನೇ ಆಗಲಿ.

ಆರು ಬೆಳಗ್ಗೆ

ಇದಕ್ಕೆ ಮುಂಚೆ ಬಿಸಿ ಎಂಜಿನ್ನಿನ ಪಟ್ಟಿಯನ್ನು ಒಮ್ಮೆ ನೋಡಿಕೊಂಡೆ. ತಣ್ಣಗಿನ ಹಂತಗಳೆಲ್ಲ ಅದರ ಮೇಲೆ ಶೇಕಡಾ ಲೆಕ್ಕದಲ್ಲಿ ಕೂರುತ್ತವೆ, ಅಡಿಪಾಯ ಓರೆಯಿದ್ದರೆ ಮೇಲಿನದೂ ಓರೆ. ನಾಲ್ಕು ಕಡೆ ಲೀನ್ ಇತ್ತು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರಲಿಲ್ಲ. ಬೇರೆ ಯಾರದ್ದೋ ಹಳೆಯ ಫೈಲನ್ನು ಆಧಾರ ಮಾಡಿದ್ದರು, ಅದು ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಈಗ ಬಂಕುಗಳಲ್ಲಿ ಸಿಗುವುದು ಅದೇ. ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಸಾಕಾದರೆ ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಶೇಕಡಾ 8, 9ರಷ್ಟು ಜಾಸ್ತಿ ಇಂಧನ. ಎಥನಾಲ್ ಆವಿಯಾಗಲು ಕಿಲೋಗೆ ಪೆಟ್ರೋಲಿನ ಎರಡು ಪಟ್ಟಿಗೂ ಮೀರಿದ ಶಾಖ ಬೇಕು, ಚಳಿಯಲ್ಲಿ ಅದೂ ಕಾಡುತ್ತದೆ. ಸೈಲೆನ್ಸರ್ ಹೊಗೆಯಿಂದ ಗಾಳಿ, ಪೆಟ್ರೋಲಿನ ಹದ ಹೇಳುವ ವೈಡ್‌ಬ್ಯಾಂಡ್ ಮೀಟರಿನಲ್ಲಿ 14.7 ಎಂಬ ಅಂಕಿ ನೋಡುವುದು ಬಿಟ್ಟು ಲ್ಯಾಂಬ್ಡಾ 1 ನೋಡಿದರೆ ಯಾವ ಪೆಟ್ರೋಲಾದರೂ ಗೊಂದಲ ಇಲ್ಲ. 1 ಅಂದರೆ ಸರಿಯಾದ ಹದ, ಅದಕ್ಕಿಂತ ಮೇಲಿದ್ದರೆ ಪೆಟ್ರೋಲ್ ಕಡಿಮೆ, ಕೆಳಗಿದ್ದರೆ ಜಾಸ್ತಿ.

ಮೊದಲ ಬೆಳಗ್ಗೆ ನಾಲ್ಕು ಸೆಕೆಂಡಿಗೆ ಹಿಡಿಯಿತು, ನಿಮಿಷಕ್ಕೆ 900 ಸುತ್ತಿಗೆ ಏರಿ ಎರಡೇ ಸೆಕೆಂಡಿಗೆ ಆಫ್. ಕ್ರ್ಯಾಂಕಿಂಗ್, ಆಫ್ಟರ್‌ಸ್ಟಾರ್ಟ್ ಎರಡೂ ಸಾಲದು ಎಂದು ಕಾಣುತ್ತಿತ್ತು. ಎರಡನ್ನೂ ತಿದ್ದುವ ಆಸೆ ಆಯಿತು, ತಡೆದುಕೊಂಡೆ. ಬೇಗ ಹಿಡಿಯದ ಎಂಜಿನ್ನಿನಲ್ಲಿ ಗೋಡೆಗೆ ಎಷ್ಟು ಪೆಟ್ರೋಲ್ ಅಂಟಿದೆಯೋ ಹೇಳಲಾಗದು, ಅದರ ಮೇಲೆ ಆಫ್ಟರ್‌ಸ್ಟಾರ್ಟ್ ಅಳೆದರೆ ಅಳತೆ ಸುಳ್ಳಾಗುತ್ತದೆ. ಕ್ರ್ಯಾಂಕಿಂಗ್ ಮಾತ್ರ ಶೇಕಡಾ 15 ಏರಿಸಿದೆ.

ಎರಡನೇ ಬೆಳಗ್ಗೆ ಎರಡು ಸೆಕೆಂಡಿಗೆ ಹಿಡಿದು ಮತ್ತೆ ಆಫ್. ಈಗ ನಂಬಬಹುದು. ಆಫ್ಟರ್‌ಸ್ಟಾರ್ಟನ್ನು 15ರಿಂದ ಶೇಕಡಾ 30ಕ್ಕೆ ಏರಿಸಿ, 20 ಸೆಕೆಂಡ್ ಇಟ್ಟೆ.

ಮೂರನೇ ಬೆಳಗ್ಗೆ ಆಫ್ ಆಗದೆ ನಿಂತಿತು. 1,250ರಲ್ಲಿ ಚೆನ್ನಾಗಿ ಓಡುತ್ತಿದ್ದದ್ದು ಇಪ್ಪತ್ತು ಸೆಕೆಂಡ್ ಮುಗಿದ ಕೂಡಲೇ 700ಕ್ಕೆ ಬಿದ್ದು ನಡುಗಿತು. ಹಾಗೇ ನಡುಗುತ್ತಿರುವಾಗ ಲ್ಯಾಂಬ್ಡಾ ಸೆನ್ಸರ್ ಬಿಸಿಯಾಯಿತು, 1.12 ತೋರಿಸಿತು. ಆ ಸೆನ್ಸರ್ ಬಿಸಿಯಾಗುವ ಮೊದಲ ಅರ್ಧ ನಿಮಿಷ ಅದು ಹೇಳಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ಅದರ ನಂತರದ್ದು. ಅಂದರೆ ವಾರ್ಮಪ್ ಸಾಲದು. 16ರಿಂದ 25 ಡಿಗ್ರಿಯ ಸಾಲುಗಳನ್ನು ಶೇಕಡಾ 128ರಿಂದ 137ಕ್ಕೆ ತಂದೆ.

ನಾಲ್ಕನೇ ಬೆಳಗ್ಗೆ ಎಲ್ಲ ಚೆನ್ನಾಗಿತ್ತು. ಆದರೆ ತೋಟದ ದಾರಿಯಲ್ಲಿ 45 ಡಿಗ್ರಿ ದಾಟಿದಾಗ ಲ್ಯಾಂಬ್ಡಾ 0.84, ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಮಗ ಬರೆದಿದ್ದ. ವಾರ್ಮಪ್ಪಿನ ನಡುಭಾಗ ಇಳಿಸಿದೆ.

ಅದು ಬಿಟ್ಟು ಐದನೇ ಬೆಳಗ್ಗೆಗೆ ಮುಂಚೆ ಬೇರೇನೂ ಬದಲಿಸಬೇಕು ಅನಿಸಲಿಲ್ಲ. ಸ್ಟಾರ್ಟಿನ ಅಂಕಿಗಳನ್ನು ಸುಮ್ನೆ ಇನ್ನೊಂದು ದಿನ ಹಾಗೇ ಬಿಟ್ಟೆ. ಒಂದು ಸಲ ಚೆನ್ನಾಗಿ ಹಿಡಿದಿದ್ದನ್ನು ನಂಬಿ ಊರಿಗೆ ಹೊರಟಿದ್ದು ನೆನಪಿತ್ತು. ಎರಡು ಸೆಕೆಂಡಿಗೂ ಕಡಿಮೆ. ಲಾಗಿನಲ್ಲಿ ಸ್ಟಾರ್ಟಿನ ಗೆರೆ ಹಿಂದಿನ ದಿನದ್ದರ ಮೇಲೆ ಇಟ್ಟರೆ ಒಂದೇ ಥರ.

ಆರನೇ ದಿನದ್ದು ನನಗೆ ಎಲ್ಲಕ್ಕಿಂತ ಮುಖ್ಯ. ಯಜಮಾನರಿಗೆ ಹೇಳಿದೆ: "ನಾಳೆ ನಿಮ್ಮ ಹಳೆ ಪದ್ಧತಿಯಲ್ಲೇ ನಾಲ್ಕು ಸಲ ಕೀ ತಿರುಗಿಸಿ. ಕಾಲು ಮಾತ್ರ ಬೇಡ." ಮೂರು ಸೆಕೆಂಡಿಗೆ ಹಿಡಿಯಿತು, ಸ್ವಲ್ಪ ಕಪ್ಪು ಹೊಗೆ ಬಂದು ನಿಂತಿತು, ಎಂಜಿನ್ ಆಫ್ ಆಗಲಿಲ್ಲ. ಕೆಟ್ಟ ಅಭ್ಯಾಸವನ್ನೂ ತಡೆದುಕೊಳ್ಳುವಷ್ಟು ಜಾಗ ಅಂಕಿಗಳಲ್ಲಿ ಉಳಿದಿದೆ ಎಂದು ಆಗ ಗೊತ್ತಾಯಿತು.

ಈಗ ನಾನು ಮೊದಲು ನೋಡುವುದು

ಈ ಗಾಡಿಯ ನಂತರ ಕೋಲ್ಡ್ ಸ್ಟಾರ್ಟ್ ದೂರು ಬಂದರೆ ಮೊದಲ ಬೆಳಗ್ಗೆ ನಾನು ಏನೂ ತಿದ್ದುವುದಿಲ್ಲ. ದಿನವೂ ಯಾರು ಸ್ಟಾರ್ಟ್ ಮಾಡುತ್ತಾರೋ ಅವರೇ ಮಾಡಬೇಕು, ಅವರ ಹೊತ್ತಿಗೇ ಮಾಡಬೇಕು, ಕೇಬಲ್ ಇಲ್ಲದೆ ಮಾಡಬೇಕು. ನಾನು ಅವರ ಕೈಯನ್ನೂ ಕಾಲನ್ನೂ ನೋಡುತ್ತೇನೆ, ಪಂಪಿನ ಸದ್ದು ಎಣಿಸುತ್ತೇನೆ. ಮನೆಯವರನ್ನೂ ಕೇಳುತ್ತೇನೆ. ಆಮೇಲೆ ಗಾಳಿ, ಕೂಲೆಂಟ್ ಸೆನ್ಸರ್ ಎರಡನ್ನೂ ಗೋಡೆಯ ಥರ್ಮಾಮೀಟರಿನ ಜೊತೆ ಹೋಲಿಸುತ್ತೇನೆ, ಎರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅಲ್ಲಿಂದಲೇ ಕೆಲಸ ಶುರು. ಪ್ಲಗ್ ಒದ್ದೆ ಇದೆ ಎಂದ ಮಾತ್ರಕ್ಕೆ ಯಾವ ಹಂತದ ಪೆಟ್ರೋಲ್ ಜಾಸ್ತಿ ಎಂದು ತೀರ್ಮಾನ ಮಾಡುವುದಿಲ್ಲ. ಒದ್ದೆ ಪ್ಲಗ್ಗಿಗೆ ಪ್ರೈಮಿಂಗೂ ಕಾರಣ ಆಗಬಹುದು, ಕ್ರ್ಯಾಂಕಿಂಗೂ ಆಗಬಹುದು, ಹಿಡಿಯದೆ ಹೊಡೆದ ಸೆಲ್ಫೂ ಆಗಬಹುದು.

ಈ ಜಿಪ್ಸಿಯಲ್ಲಿ ಕೆಲಸ ಇನ್ನೂ ಬಾಕಿ ಇದೆ. ಮಾರ್ಚಿನ ಬಿಸಿಲಿನಲ್ಲಿ ಓಡಿಸಿ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಹಿಡಿಯುವಾಗ ಸ್ವಲ್ಪ ಎಡವುತ್ತಿತ್ತು. ಅಲ್ಲಿ ಆಫ್ಟರ್‌ಸ್ಟಾರ್ಟಿನ 80 ಡಿಗ್ರಿ ಮೇಲಿನ ಸಾಲಿಗೆ ಶೇಕಡಾ 8 ಕೊಟ್ಟ ಮೇಲೆ ಸರಿಹೋಯಿತು. ಆದರೆ 14 ಡಿಗ್ರಿಗಿಂತ ಕೆಳಗಿನ ಸಾಲುಗಳನ್ನು ನಾನು ನೋಡಿಯೇ ಇಲ್ಲ. ಆ ಚಳಿಗಾಲದಲ್ಲಿ ಶೆಡ್ಡು ಅಷ್ಟು ತಣ್ಣಗಾಗಲಿಲ್ಲ. 10 ಡಿಗ್ರಿಯ ಸಾಲಿಗೂ 0 ಡಿಗ್ರಿಯ ಸಾಲಿಗೂ ಮೇಲಿನ ಗೆರೆಯ ಓಟ ನೋಡಿಕೊಂಡು ಅಂದಾಜಿನ ಅಂಕಿ ತುಂಬಿಸಿದ್ದೇನೆ, ಫೈಲಿನಲ್ಲಿ ಹಾಗೆಂದೇ ಗುರುತು ಹಾಕಿದ್ದೇನೆ. ಬರುವ ಚಳಿಗಾಲದಲ್ಲಿ ಥರ್ಮಾಮೀಟರ್ 13ಕ್ಕೆ ಇಳಿದ ರಾತ್ರಿ ಫೋನ್ ಮಾಡು ಎಂದು ಮಗನಿಗೆ ಹೇಳಿಟ್ಟಿದ್ದೇನೆ. ರಾತ್ರಿಯೇ ಹೊರಟರೆ ಬೆಳಗ್ಗೆ ಐದರೊಳಗೆ ಅವರ ಶೆಡ್ಡಿನಲ್ಲಿರುತ್ತೇನೆ.